ಬಾರದ ರೋಗಿಯ ಲೆಕ್ಕ ಯಾರದು?

ಸಕ್ಕರೆ ಕಾಯಿಲೆಯಲ್ಲಿ ಮಾತ್ರೆಗಿಂತ ಹೆಚ್ಚಾಗಿ ಕೈಕೊಡುವುದು ವ್ಯವಸ್ಥೆ. ಮೆಟ್‌ಫಾರ್ಮಿನ್ ದುಬಾರಿಯಲ್ಲ, ಬಿ.ಪಿ. ಮಾತ್ರೆಯೂ ಅಷ್ಟೆ. ಆದರೆ ಶುಗರ್ ನೋಡುವ ಡಾಕ್ಟರು ಒಬ್ಬರು, ಕಣ್ಣು ನೋಡುವವರು ಇನ್ನೊಬ್ಬರು. ಹಳೆಯ ರಿಪೋರ್ಟುಗಳೆಲ್ಲ ರೋಗಿಯ ಮನೆಯ ಪ್ಲಾಸ್ಟಿಕ್ ಕವರಿನಲ್ಲಿ. ಆರು ತಿಂಗಳು ಆತ ಬಾರದಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಇಷ್ಟು ಜನರನ್ನು ತಜ್ಞರೊಬ್ಬರ ನೆನಪಿನ ಮೇಲೆ ಬಿಡಲಾಗದು.

ಇದಕ್ಕೆ ದಾರಿ ನಮ್ಮಲ್ಲೇ ಪರೀಕ್ಷೆಗೊಳಗಾಗಿದೆ. ಭಾರತ ಮತ್ತು ಪಾಕಿಸ್ತಾನದ 10 ಮಧುಮೇಹ ಕ್ಲಿನಿಕ್‌ಗಳಲ್ಲಿ, ಕಾಯಿಲೆ ಹತೋಟಿ ತಪ್ಪಿದ್ದ 1146 ರೋಗಿಗಳ ಮೇಲೆ ನಡೆದ ಕಾರ್ಸ್ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಡಾಕ್ಟರರ ಜೊತೆಗೆ ಎರಡು ನೆರವು: ಬೆನ್ನುಹತ್ತಿ ವಿಚಾರಿಸುವ, ವೈದ್ಯರಲ್ಲದ ಒಬ್ಬ ಸಂಯೋಜಕರು, ಮುಂದೇನು ಮಾಡಬಹುದೆಂದು ಡಾಕ್ಟರಿಗೆ ಸೂಚಿಸುವ ಕಂಪ್ಯೂಟರ್ ದಾಖಲೆ. ಸುಮಾರು ಎರಡೂವರೆ ವರ್ಷದ ನಂತರ, ಸಕ್ಕರೆಯ ಜೊತೆಗೆ ಬಿ.ಪಿ. ಅಥವಾ ಕೊಲೆಸ್ಟರಾಲ್ ಕೂಡ ಹತೋಟಿಗೆ ಬಂದದ್ದು ಮೊದಲ ಗುಂಪಿನಲ್ಲಿ ಶೇ. 8.1 ಮಂದಿಗೆ, ಎರಡನೆಯದರಲ್ಲಿ ಶೇ. 18.2 ಮಂದಿಗೆ. ಶೇ. 18 ತೃಪ್ತಿಪಡುವ ಅಂಕಿಯೇನಲ್ಲ, ನಿಜ. ಆದರೆ ಹೊಸ ಔಷಧಿಯೊಂದೂ ಇಲ್ಲದೆ ಬಂದ ಇಮ್ಮಡಿ ಫಲ ಅದು.

ರಿಪೋರ್ಟಿನ ಅಂಕಿ ಇಳಿದರೆ ಆಯುಷ್ಯ ಹೆಚ್ಚುತ್ತದೆಯೇ ಎಂದು ಕೇಳುವುದು ನ್ಯಾಯವೇ. ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿದ್ದದ್ದು ಬರೀ 160 ರೋಗಿಗಳು. ಆದರೆ ಸಕ್ಕರೆ, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಒಟ್ಟಿಗೆ ಬಿಗಿಯಾಗಿ ನೋಡಿಕೊಂಡ ಗುಂಪಿನವರು, 21 ವರ್ಷಗಳ ಲೆಕ್ಕದಲ್ಲಿ, ಹತ್ತಿರ ಹತ್ತಿರ ಎಂಟು ವರ್ಷ ಹೆಚ್ಚು ಬದುಕಿದರು.

ರೋಗಿಗಳನ್ನು ಹತೋಟಿಯಲ್ಲಿಡುವ ಹೊಣೆಯನ್ನು ಆಸ್ಪತ್ರೆಗಳ ಮೇಲೆ ಹೊರಿಸಿದರೆ ಅವು ಸುಲಭದ ರೋಗಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾವು ಎಂಬ ಆಕ್ಷೇಪ ಇನ್ನೂ ತೂಕದ್ದು. ಬ್ರಿಟನ್ 2004ರಲ್ಲಿ ಕುಟುಂಬ ವೈದ್ಯರ ಸಂಭಾವನೆಯ ಒಂದು ಪಾಲನ್ನು ಗುಣಮಟ್ಟದ ಗುರಿಗಳಿಗೆ ಜೋಡಿಸಿದಾಗ, ಕೆಲವು ರೋಗಿಗಳನ್ನು ಕಾರಣ ಕೊಟ್ಟು ಲೆಕ್ಕದಿಂದ ಹೊರಗಿಡಲು ಅವಕಾಶವಿತ್ತು. ಅದು ಚರ್ಚೆಗೂ ಗುರಿಯಾಯಿತು. ಹಾಗೆಂದು ಹೊಣೆಯನ್ನೇ ಕೈಬಿಡುವುದು ಸರಿಯಲ್ಲ, ಬಿಟ್ಟುಹೋದವರನ್ನೂ ಎಣಿಸಬೇಕು. 2025ರೊಳಗೆ 7.5 ಕೋಟಿ ಬಿ.ಪಿ. ಮತ್ತು ಮಧುಮೇಹ ರೋಗಿಗಳಿಗೆ ಚಿಕಿತ್ಸೆ ಎಂಬ ಗುರಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ಇಟ್ಟುಕೊಂಡಿತು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ಚಿಕಿತ್ಸೆ ಪಡೆದವರ ಲೆಕ್ಕದ ಜೊತೆಗೆ ಇನ್ನೆರಡು ಸಂಖ್ಯೆ ಹೇಳುವಂತಾಗಬೇಕು: ಹೆಸರು ಬರೆಸಿದವರಲ್ಲಿ ಈ ಮೂರು ತಿಂಗಳು ಬಾರದವರು ಎಷ್ಟು, ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ದು ಎಷ್ಟು ಮಂದಿಯದು. ಬಾರದವರನ್ನು ಬೆನ್ನುಹತ್ತಿ ವಿಚಾರಿಸುವ ಕೆಲಸವನ್ನು ಈಗಾಗಲೇ ಹತ್ತಾರು ಹೊರೆ ಹೊತ್ತ ಆಶಾ ಕಾರ್ಯಕರ್ತೆಯ ತಲೆಗೆ ಸುಮ್ಮನೆ ಕಟ್ಟಬಾರದು. ಅದಕ್ಕೆಂದೇ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಬೇಕು.