ಕಡೂರು, ತರೀಕೆರೆ, ಅಜ್ಜಂಪುರ: ಮಗುವಿನ ಆಸರೆಗೆ ಹೊಲದ ದಾರಿ

ಚಿಕ್ಕಮಗಳೂರು ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು ಕಾಫಿ ತೋಟ ಮತ್ತು ಮಂಜು ಮುಸುಕಿದ ಗಿರಿಶ್ರೇಣಿ. ಆದರೆ ಬಾಬಾಬುಡನ್ ಗಿರಿಗಳ ಪೂರ್ವಕ್ಕೆ ಇಳಿದರೆ ಬೇರೊಂದು ಲೋಕವಿದೆ. ಕಡೂರು ಮತ್ತು ಅಜ್ಜಂಪುರ ತಾಲ್ಲೂಕುಗಳು ಮಳೆ ನೆರಳಿನ ಬಯಲು. ರಾಗಿ, ಈರುಳ್ಳಿ, ತೆಂಗು ಇಲ್ಲಿನ ಜೀವನಾಧಾರ. ತರೀಕೆರೆಯ ಒಂದು ಭಾಗಕ್ಕೆ ಭದ್ರಾ ನೀರು ದೊರೆತರೂ ಉಳಿದೆಡೆ ರೈತ ಮುಗಿಲನ್ನೇ ನೋಡಬೇಕು. ಈ ಸೀಮೆಯಲ್ಲಿ ಕ್ರೈಸ್ತ ಸೇವಾ ಸಂಸ್ಥೆಗಳು ಕೃಷಿ ತರಬೇತಿ ಮತ್ತು ಸಂಕಷ್ಟದಲ್ಲಿರುವ ಮಕ್ಕಳ ಪೋಷಣೆ ಎಂಬ ಎರಡು ಕೆಲಸಗಳನ್ನು ಒಟ್ಟಿಗೆ ಕೈಗೊಂಡಿವೆ. ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ಕಾಣುವ ಇವೆರಡನ್ನೂ ಬೆಸೆಯುವ ನಂಟು ಬರ.

ಬರದಿಂದ ಹುಟ್ಟಿದ ಅನಾಥಾಲಯ

1876ರಿಂದ 1878ರವರೆಗಿನ ಮಹಾ ಕ್ಷಾಮ ಮೈಸೂರು ಸಂಸ್ಥಾನವನ್ನು ನಡುಗಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆ-ತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಬಾಲಕರಿಗೂ ಹಾಸನದಲ್ಲಿ ಬಾಲಕಿಯರಿಗೂ ಅನಾಥಾಲಯಗಳನ್ನು ನಡೆಸಿತು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಇದೇ ಕ್ಷಾಮದ ಮಕ್ಕಳಿಗಾಗಿ ಸ್ಥಾಪಿಸಿದ ಅನಾಥಾಲಯ 1890ರಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿಗೆ ಹಸ್ತಾಂತರವಾಯಿತು.

ಮಕ್ಕಳು ಬೆಳೆದಂತೆ ಹೊಸ ಪ್ರಶ್ನೆ ಎದುರಾಯಿತು. ಅವರಿಗೆ ಹಿಂದಿರುಗಲು ಮನೆಯಿರಲಿಲ್ಲ, ಉಳಲು ಹೊಲವಿರಲಿಲ್ಲ. ಮಿಷನ್ನುಗಳು ಕೈಕಸುಬು ಮತ್ತು ಬೇಸಾಯದ ಕಡೆಗೆ ತಿರುಗಿದ್ದರ ಹಿಂದಿನ ಕಾರಣ ಇದು. ಬಾಸೆಲ್ ಮಿಷನ್ ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಗದಗ ಸಮೀಪದ ಮಲ್ಲಸಮುದ್ರದಲ್ಲಿ ಕೃಷಿ ವಸಾಹತಿನ ಪ್ರಯೋಗ ಮಾಡಿತ್ತು. ಅದು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ.

ಈ ಸೇವೆ ಹಲವು ಜೀವಗಳನ್ನು ಉಳಿಸಿತೆಂಬುದು ನಿಜ. ಅನಾಥ ಮಕ್ಕಳು ಮಿಷನ್ನಿನ ಧರ್ಮದಲ್ಲೇ ಬೆಳೆದರೆಂಬುದೂ ಅಷ್ಟೇ ನಿಜ. ನೆರವು ಮತ್ತು ಮತಾಂತರದ ಕುರಿತ ವಿವಾದದ ಬೇರು ಅಲ್ಲಿಂದಲೇ ಆರಂಭವಾಗುತ್ತದೆ.

ಮನೆಯಿಂದ ದೂರವೇಕೆ?

ಇಂದು ಸಂಸ್ಥೆಗಳ ಬಾಗಿಲಿಗೆ ಬರುವ ಮಕ್ಕಳೆಲ್ಲರೂ ಅನಾಥರಲ್ಲ. ಬೆಳೆ ಕೈಕೊಟ್ಟಾಗ ಸಾಲ ಏರುತ್ತದೆ, ಕೊಳವೆಬಾವಿ ಬತ್ತುತ್ತದೆ, ಹಿರಿಯರು ಕೂಲಿಗಾಗಿ ಕಾಫಿ ತೋಟಕ್ಕೋ ಬೆಂಗಳೂರಿಗೋ ಹೊರಡುತ್ತಾರೆ. ಆಗ ಮಗು ಅಜ್ಜಿಯ ಬಳಿ ಉಳಿಯುತ್ತದೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತದೆ, ಅದೂ ಆಗದಿದ್ದರೆ ಯಾವುದಾದರೂ ಆಶ್ರಮ ಸೇರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುದನ್ನು ನೆನೆದರೆ ಇದು ಹಳೆಯ ಕಥೆಯಲ್ಲವೆಂಬುದು ಸ್ಪಷ್ಟ.

ಕೃಷಿ ತರಬೇತಿಗೆ ಅರ್ಥ ಬರುವುದು ಇಲ್ಲಿಯೇ. ಕೃಷಿ ಹೊಂಡ, ಹನಿ ನೀರಾವರಿ, ತೆಂಗಿನ ನಡುವೆ ಮಿಶ್ರ ಬೆಳೆ, ಹಿತ್ತಲ ಕೋಳಿ ಸಾಕಣೆ, ಹೈನುಗಾರಿಕೆ ಇವೆಲ್ಲ ಒಂದೇ ಬೆಳೆಯ ಮೇಲಿನ ಅವಲಂಬನೆಯನ್ನು ತಗ್ಗಿಸುತ್ತವೆ. ಈರುಳ್ಳಿ ಬೆಲೆ ಕುಸಿದ ವರ್ಷವೂ ಹಾಲಿನ ಹಣ ಮನೆಗೆ ಬಂದರೆ ಮಗುವಿನ ಶಾಲೆ ತಪ್ಪುವುದಿಲ್ಲ. ಅನಾಥಾಲಯ ಹಾನಿಯಾದ ಬಳಿಕ ಮಗುವನ್ನು ಕಾಯುತ್ತದೆ. ಗಟ್ಟಿಯಾದ ಬೇಸಾಯ ಹಾನಿಗೆ ಮೊದಲೇ ಕಾಯುತ್ತದೆ.

ಕಾನೂನು ಏನನ್ನುತ್ತದೆ?

2015ರ ಬಾಲನ್ಯಾಯ ಕಾಯ್ದೆಯ ನಿಲುವೂ ಇದೇ. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ಮಾರ್ಗವಾಗಬೇಕು, ಕುಟುಂಬಕ್ಕೆ ಮರಳಿಸುವುದು ಮೊದಲ ಗುರಿಯಾಗಬೇಕು. ಪೋಷಣೆ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನೋಂದಣಿ ಹೊಂದಿರಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಮಗುವಿನ ವಾಸ್ತವ್ಯವನ್ನು ತೀರ್ಮಾನಿಸುವ ಅಧಿಕಾರ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯದು, ಸಂಸ್ಥೆಯದಲ್ಲ.

ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ಮನೆಯಲ್ಲಿದ್ದುಕೊಂಡೇ ತಿಂಗಳಿಗೆ 4,000 ರೂಪಾಯಿ ಪ್ರಾಯೋಜನೆ ದೊರೆಯುತ್ತದೆ. ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ವಿಧವೆಯರ ಮಕ್ಕಳು ಮತ್ತು ಬಂಧುಗಳ ಆಶ್ರಯದಲ್ಲಿರುವ ಅನಾಥರು ಇದರ ವ್ಯಾಪ್ತಿಗೆ ಬರುತ್ತಾರೆ. ಇಂತಹ ಕುಟುಂಬಗಳಿಗೆ ಅರ್ಜಿ ಬರೆದುಕೊಟ್ಟು ಕಚೇರಿಗೆ ಕರೆದೊಯ್ಯುವುದೂ ಸೇವಾ ಸಂಸ್ಥೆ ಮಾಡಬಹುದಾದ ದೊಡ್ಡ ಉಪಕಾರ.

ಕಲಿಕೆಯೋ ದುಡಿಮೆಯೋ?

ಕೃಷಿ ಮತ್ತು ಮಕ್ಕಳು ಒಂದೆಡೆ ಸೇರಿದಾಗ ಗೆರೆಯೊಂದನ್ನು ಮರೆಯಬಾರದು. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನವರನ್ನು ಯಾವುದೇ ಉದ್ಯೋಗಕ್ಕೆ ಹಚ್ಚುವಂತಿಲ್ಲ. ಶಾಲೆಯ ಬಳಿಕ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯಕಾರಿಯಲ್ಲದ ಕೆಲಸಕ್ಕೆ ನೆರವಾಗಲು ಅವಕಾಶವಿದೆ. ವಸತಿನಿಲಯದ ಕೈತೋಟದಲ್ಲಿ ಸಸಿ ನೆಡುವುದು ಪಾಠ. ಸಂಸ್ಥೆಯ ತೋಟದ ಆದಾಯಕ್ಕಾಗಿ ಮಕ್ಕಳನ್ನು ದುಡಿಸುವುದು ಅಪರಾಧ. ಆದ್ದರಿಂದ ಕೃಷಿ ತರಬೇತಿ ತಲುಪಬೇಕಾದುದು ಮೊದಲು ಹೆತ್ತವರಿಗೆ.

ವಿದೇಶಿ ದೇಣಿಗೆಗೂ ಕಟ್ಟಳೆಗಳಿವೆ. 2020ರ ತಿದ್ದುಪಡಿಯಂತೆ ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ, ಪಡೆದ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಧರ್ಮದ ವಿಷಯದಲ್ಲಿ ಸಂವಿಧಾನದ 28ನೇ ವಿಧಿ ಸ್ಪಷ್ಟ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಅಥವಾ ಪ್ರಾರ್ಥನೆಗೆ ಒಳಪಡಿಸುವಂತಿಲ್ಲ.

ದಾನಿಗಳು ಕೇಳಬೇಕಾದುದು

ನಗರದಿಂದ ಹಣ ಕಳುಹಿಸುವವರು ಎಷ್ಟು ಮಕ್ಕಳಿಗೆ ಊಟ ಹಾಕಿದಿರಿ ಎಂದು ಕೇಳುವುದು ವಾಡಿಕೆ. ಸಂಸ್ಥೆಗೆ ನೋಂದಣಿಯಿದೆಯೇ, ತರಬೇತಿ ಪಡೆದ ಕುಟುಂಬಕ್ಕೆ ಮುಂದಿನ ಬೇಸಿಗೆಯಲ್ಲೂ ಆದಾಯವಿತ್ತೇ, ಈ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು ಎಂಬುದನ್ನು ಕೇಳುವುದು ಅದಕ್ಕಿಂತ ಮುಖ್ಯ. ಈ ಪ್ರಶ್ನೆಗಳು ಚರ್ಚಿನ ಸಂಸ್ಥೆಗೂ ಮಠದ ಸಂಸ್ಥೆಗೂ ಸಮಾನವಾಗಿ ಅನ್ವಯಿಸುತ್ತವೆ. ಸಂಕಷ್ಟದಲ್ಲಿರುವ ಮಗುವನ್ನು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಬೇಸಾಯದ ಸಲಹೆಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವಿದೆ.

ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು 7 ಕಿ.ಮೀ. ಉದ್ದದ ಸುರಂಗ ಅಜ್ಜಂಪುರದ ಬಳಿಯೇ ಹಾದುಹೋಗುತ್ತದೆ. ನೀರು ಬಯಲಿನ ಎಲ್ಲ ಹೊಲಗಳಿಗೂ ತಲುಪುವವರೆಗೆ, ಇಲ್ಲಿ ಒಂದು ಮಗು ಮನೆಯಲ್ಲೇ ಬೆಳೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಮನೆಯ ಬೇಸಾಯವನ್ನೇ ಅವಲಂಬಿಸಿರುತ್ತದೆ.