ಜಗಳದಿಂದ ಹುಟ್ಟುವ ಈಜು

ಬೇಸಿಗೆ ರಜೆಯ ಬೆಳಿಗ್ಗೆ ಮೈಸೂರಿನ ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳದ ಕಡೆ ಹೋದರೆ ನೀರಿಗಿಂತ ಗಲಾಟೆಯೇ ಜಾಸ್ತಿ. ಕಂಬಿ ಹಿಡಿದು ಕಾಲು ಬಡಿಯುವ ಮಕ್ಕಳು, ದಡದಲ್ಲಿ ನಿಂತು ‘ಒಂದು, ಎರಡು... ಒಂದು, ಎರಡು’ ಎಂದು ಎಣಿಸುವ ಕೋಚು. ಕೆಲವು ವಾರ ಕಳೆದರೆ ಆ ಎಣಿಕೆ ಬೇಕಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸಿಗುವ ಮಸಾಲೆದೋಸೆಯನ್ನೇ ಯೋಚಿಸುತ್ತ ಹುಡುಗ ಆಚೆ ದಡ ಮುಟ್ಟಿರುತ್ತಾನೆ. ಹಾಗಾದರೆ ಈಗ ಎಣಿಸುತ್ತಿರುವವರು ಯಾರು?

ಇದಕ್ಕೆ ಅಂದವಾದ ಉತ್ತರ ಸಿಕ್ಕಿದ್ದು ಕಡಲಿನ ಒಂದು ಪುಟ್ಟ ಮೃದ್ವಂಗಿಯಲ್ಲಿ. ಮಳೆ ಬಂದಾಗ ನಮ್ಮ ಹಿತ್ತಲಿನ ಗೋಡೆ ಹತ್ತುವ ಬಸವನಹುಳುವಿಗೆ ಅದು ದೂರದ ನೆಂಟ. ಹೆಸರು ಕ್ಲಯೋನಿ, ವಾಸ ಉತ್ತರದ ತಣ್ಣನೆಯ ಸಮುದ್ರಗಳಲ್ಲಿ. ಮೈ ಗಾಜಿನ ಹಾಗೆ. ಒಳಗಿನ ಅಂಗಗಳು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಮರಿಯಾಗಿದ್ದಾಗ ಇದ್ದ ಚಿಪ್ಪನ್ನು ಬೆಳೆಯುತ್ತ ಕಳಚಿಬಿಡುತ್ತದೆ. ಬಸವನಹುಳು ಯಾವ ಪಾದವನ್ನು ನೆಲಕ್ಕೆ ಅಂಟಿಸಿಕೊಂಡು ಸರಿಯುತ್ತದೋ ಅದೇ ಪಾದ ಇದರಲ್ಲಿ ಎರಡು ರೆಕ್ಕೆಯಾಗಿದೆ. ನೋಡಿ ಮರುಳಾದವರು ‘ಕಡಲ ದೇವದೂತ’ ಎಂದು ಹೆಸರಿಟ್ಟರು. ಊಟದ ಹೊತ್ತಿನಲ್ಲಿ ನೋಡಿದ್ದರೆ ಇಡುತ್ತಿರಲಿಲ್ಲ. ತಲೆಯೊಳಗಿಂದ ಆರು ತೋಳು ಚಾಚಿ, ಲಿಮಸೈನಾ ಎಂಬ ತನ್ನದೇ ನೆಂಟ ಬಸವನಹುಳುವನ್ನು ಹಿಡಿದು, ಚಿಪ್ಪಿನಿಂದ ಕಿತ್ತು ನುಂಗುತ್ತದೆ.

ಕ್ಲಯೋನಿಯ ಮೈ ನೀರಿಗಿಂತ ತುಸು ಭಾರ. ರೆಕ್ಕೆ ನಿಂತರೆ ಮುಳುಗುತ್ತದೆ. ಹಾಗಾಗಿ ಸುಮ್ಮನೆ ಇದ್ದಲ್ಲೇ ಇರುವುದಕ್ಕೂ ಸೆಕೆಂಡಿಗೆ ಒಂದೆರಡು ಸಲ ಬಡಿಯುತ್ತಲೇ ಇರಬೇಕು. 1980ರ ದಶಕದಲ್ಲಿ ಮಾಸ್ಕೋದ ಯೂರಿ ಅರ್ಷಾವ್‌ಸ್ಕಿ, ಗ್ರಿಗೊರಿ ಒರ್ಲೊವ್‌ಸ್ಕಿ ಮತ್ತು ಸಂಗಡಿಗರು ಈ ಬಡಿತದ ಬೆನ್ನು ಹತ್ತಿದರು. ಪಾದಕ್ಕೆ ಸಂಬಂಧಿಸಿದ ನರಗಂಟುಗಳನ್ನು ದೇಹದಿಂದ ಬಿಡಿಸಿ ತಟ್ಟೆಯಲ್ಲಿಟ್ಟರು. ರೆಕ್ಕೆಯಿಲ್ಲ, ತಳ್ಳಲು ನೀರಿಲ್ಲ. ಆದರೂ ಆ ಗಂಟು ‘ಮೇಲೆ, ಕೆಳಗೆ, ಮೇಲೆ, ಕೆಳಗೆ’ ಎಂಬ ವಿದ್ಯುತ್ ಸಂದೇಶವನ್ನು ಕಳಿಸುತ್ತಲೇ ಇತ್ತು.

ಒಳಗೆ ಎರಡು ಪಂಗಡದ ನರಕೋಶಗಳಿದ್ದವು. ಒಂದು ರೆಕ್ಕೆ ಎತ್ತಿಸುತ್ತದೆ, ಇನ್ನೊಂದು ಇಳಿಸುತ್ತದೆ. ಇಬ್ಬರಿಗೂ ಜಗಳ: ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರ ಬಾಯಿ ಮುಚ್ಚಿಸುತ್ತಾರೆ. ಜಗಳವಷ್ಟೇ ಆಗಿದ್ದರೆ ಗೆದ್ದವರೇ ಮಾತಾಡುತ್ತಿದ್ದರು, ರೆಕ್ಕೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಹಾಗಾಗದಂತೆ ನೋಡಿಕೊಳ್ಳುವ ಗುಣವೊಂದು ಆ ಕೋಶಗಳಲ್ಲಿದೆ. ಹಿಂದೆ ಬಾವಿಯಲ್ಲಿ ಈಜು ಕಲಿತವರಿಗೆ ಸೊಂಟಕ್ಕೆ ಕಟ್ಟಿದ ಸೋರೆಬುರುಡೆ ನೆನಪಿರಬಹುದು. ಬುರುಡೆಯನ್ನು ನೀರಿನೊಳಗೆ ಒತ್ತಿ ಹಿಡಿದು ಕೈ ಬಿಟ್ಟರೆ ಮೇಲ್ಮೈಗೆ ಬಂದು ನಿಲ್ಲುವುದಿಲ್ಲ, ಪುಟಿದು ಗಾಳಿಗೆ ಹಾರುತ್ತದೆ. ಈ ಕೋಶಗಳೂ ಹಾಗೆಯೇ. ಒತ್ತಡ ಸಡಿಲವಾದ ಕ್ಷಣ ಪುಟಿಯುತ್ತವೆ, ಪುಟಿಯುವಾಗ ಎದುರಿನ ಪಂಗಡವನ್ನು ಒತ್ತುತ್ತವೆ. ಅದು ಸಡಿಲವಾದಾಗ ಅದರ ಸರದಿ. ಎಣಿಸುವವರು ಯಾರೂ ಇಲ್ಲ; ಎಣಿಕೆ ತಾನಾಗಿ ನಡೆದಿದೆ. ಇನ್ನೂ ಸೋಜಿಗವೆಂದರೆ, ಗಂಟಿನಿಂದ ಒಂದೇ ಒಂದು ಕೋಶವನ್ನು ಕಿತ್ತು ಬೇರೆ ಇಟ್ಟಾಗಲೂ ಅದು ಒಂಟಿಯಾಗಿಯೇ ಮಿಡಿಯಿತು.

ಮಿದುಳಿನ ಭಾಗದ ಗಂಟುಗಳಿಗೆ ಉಳಿದಿರುವುದು ಮೇಲ್ವಿಚಾರಣೆ. ಬಾಲ ಮುಟ್ಟಿದರೆ ಕ್ಲಯೋನಿ ಓಟ ಕೀಳುತ್ತದೆ; ತಲೆ ಮುಟ್ಟಿದರೆ ರೆಕ್ಕೆ ಮಡಚಿಕೊಂಡು ತಳಕ್ಕೆ ಇಳಿಯುತ್ತದೆ. ವೇಗ ಹೆಚ್ಚಿಸುವ ಕೋಶಗಳು ಬಳಸುವ ರಾಸಾಯನಿಕ ಸೆರೊಟೋನಿನ್. ನಮ್ಮ ಮನಸ್ಥಿತಿಯ ಮಾತು ಬಂದಾಗ ವೈದ್ಯರು ಹೇಳುತ್ತಾರಲ್ಲ, ಅದೇ.

ತಲೆ ಮೇಲಿದೆಯೋ ಕೆಳಗಿದೆಯೋ ಎಂದು ತಿಳಿಯಲು ಕ್ಲಯೋನಿಗೆ ಎರಡು ಪುಟ್ಟ ಚೀಲಗಳಿವೆ, ಪ್ರತಿಯೊಂದರಲ್ಲೂ ಒಂದು ಹರಳು. ಮೈ ವಾಲಿದಂತೆ ಹರಳು ಉರುಳಿ ಗೋಡೆಯ ಕೋಶಗಳನ್ನು ಒತ್ತುತ್ತದೆ, ಬಾಲ ಬಾಗಿ ಮೈ ನೆಟ್ಟಗಾಗುತ್ತದೆ. ಬೇಟೆಯ ಸುಳಿವು ಸಿಕ್ಕಿತೋ, ಈ ಶಿಸ್ತು ಮುಗಿಯಿತು. ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು ಗಮನಿಸಿದಂತೆ, ಆಗ ಅದೇ ಕೋಶಗಳು ಹರಳಿನ ಮಾತು ಕೇಳದೆ ತಮ್ಮತಮ್ಮಲ್ಲೇ ಅಡ್ಡಾದಿಡ್ಡಿಯಾಗಿ ಮಿಡಿಯುತ್ತವೆ. ಪ್ರಾಣಿ ಎಲ್ಲ ದಿಕ್ಕಿಗೂ ಸುತ್ತಿ ಸುಳಿಯುತ್ತದೆ. ಲಿಮಸೈನಾ ಎಲ್ಲಿದೆಯೆಂದು ಕಾಣದವನಿಗೆ ಹೀಗೆ ತಡಕಾಡುವುದೇ ಜಾಣತನವಿರಬೇಕು.

‘ಹುಳುವಿನ ಕಥೆ, ನಮಗೇನು?’ ಎನ್ನುವವರು ಒಮ್ಮೆ ಅರಮನೆಯ ಮುಂದೆ ಟಾಂಗಾ ಹತ್ತಬೇಕು. ಕುದುರೆಯ ನಾಲ್ಕು ಕಾಲಿನ ಲೆಕ್ಕ ಇಡುವುದು ಬಹುಮಟ್ಟಿಗೆ ಅದರ ಬೆನ್ನುಹುರಿ. ಪರಸ್ಪರ ಒತ್ತುವ ಎರಡು ಪಾಳಿಯ ಕೋಶಗಳಿಂದ ನಡಿಗೆಯ ತಾಳ ಹುಟ್ಟಬಹುದೆಂದು ಬೆಕ್ಕುಗಳನ್ನು ಪರೀಕ್ಷಿಸಿ 1911ರಲ್ಲೇ ಹೇಳಿದವರು ಬ್ರಿಟನ್ನಿನ ಥಾಮಸ್ ಗ್ರಹಾಂ ಬ್ರೌನ್. ಕ್ಲಯೋನಿಯ ಒರ್ಲೊವ್‌ಸ್ಕಿಯವರೂ ಮೊದಲು ಬೆಕ್ಕಿನ ಕೆಲಸವೇ ಮಾಡಿದವರು. 1966ರಲ್ಲಿ ಸಂಗಡಿಗರಾದ ಶಿಕ್, ಸೆವೆರಿನ್ ಜೊತೆಗೂಡಿ ಬೆಕ್ಕಿನ ನಡುಮಿದುಳಿನ ಒಂದು ಚುಕ್ಕೆಗೆ ವಿದ್ಯುತ್ ಹರಿಸಿದರು. ಬೆಕ್ಕು ನಡೆಯಿತು. ವಿದ್ಯುತ್ತನ್ನು ಹೆಚ್ಚಿಸಿದರು, ಕುಕ್ಕುಲೋಟ. ಇನ್ನೂ ಹೆಚ್ಚಿಸಿದರು, ನಾಗಾಲೋಟ. ಯಾವ ಕಾಲು ಯಾವಾಗ ಎಂದು ಆ ವಿದ್ಯುತ್ತು ಹೇಳಿರಲಿಲ್ಲ.

ಟಾಂಗಾದವರೂ ಹೇಳುವುದಿಲ್ಲ. ಲಗಾಮು ಸಡಿಲಿಸಿ ನಾಲಿಗೆಯಲ್ಲಿ ‘ಟ್ಚ್’ ಎನ್ನುತ್ತಾರೆ, ಅಷ್ಟೇ. ಗೊರಸಿನ ಸದ್ದು ಬದಲಾಗುತ್ತದೆ.