ಮಿಕ್ಕಿದ್ದು ಯಾರ ದುಡ್ಡು?

ಏಳೂವರೆ ಎಂದರೆ ಎಂಟು ಎಂದು ಓದಿಕೊಳ್ಳುವುದು ನಮ್ಮೂರ ಸೇವಾ ಕ್ಲಬ್ಬಿನ ಹಳೆಯ ಪದ್ಧತಿ. ಆ ಗುರುವಾರವೂ ಎಂಟಕ್ಕೇ ಅಧ್ಯಕ್ಷರು ಹಿತ್ತಾಳೆಯ ಗಂಟೆ ಬಾರಿಸಿದರು. ಪ್ರಾರ್ಥನೆಯಾಯಿತು, ಹುಟ್ಟುಹಬ್ಬದವರಿಗೆ ಗುಲಾಬಿ ಕೊಟ್ಟಿದ್ದಾಯಿತು. ಖಜಾಂಚಿ ಎದ್ದು ನಿಂತು ಜಮಾ-ಖರ್ಚು ಓದಿದರು. ಕೊನೆಯ ಸಾಲು: ‘ಅಖೈರು ಶಿಲ್ಕು, ಹದಿನೆಂಟು ಸಾವಿರದ ಆರುನೂರ ನಲವತ್ತು ರೂಪಾಯಿ.’ ಹಿಂದಿನ ವರ್ಷ ಲೆಕ್ಕ ಮೈನಸ್ಸಿನಲ್ಲಿ ಮುಗಿದಿದ್ದರಿಂದ ಚಪ್ಪಾಳೆ ಸ್ವಲ್ಪ ಜೋರಾಗಿಯೇ ಬಿತ್ತು.

ಅಂದಿನ ಅತಿಥಿ ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ವಿಷಯ, ಸರ್ಕಾರಗಳ ಉಳಿತಾಯ ಬಜೆಟ್. ಹಿಂಬದಿಯ ಸಾಲಿನಲ್ಲಿದ್ದವರು ಬಿಸಿಬೇಳೆಬಾತಿನ ವಾಸನೆ ಬಂದ ಕಡೆ ತಿರುಗಿ ಕೂತಿದ್ದರು. ಅತಿಥಿಗಳು ಮೈಕ್ ಹಿಡಿದು ಕೇಳಿದ ಮೊದಲ ಪ್ರಶ್ನೆ: ‘ಈಗ ಚಪ್ಪಾಳೆ ಹೊಡೆದಿರಲ್ಲ, ಯಾಕೆ?’

ಯಾರೂ ಬಾಯಿ ಬಿಡಲಿಲ್ಲ. ದುಡ್ಡು ಮಿಕ್ಕರೆ ಒಳ್ಳೆಯದು ಎನ್ನುವುದಕ್ಕೂ ಕಾರಣ ಬೇಕೇ?

‘ಉಳಿತಾಯ’ ಎಂಬ ಮಾತಿನಲ್ಲೇ ತೊಡಕಿದೆ. ಆ ಪದ ಕೇಳಿದ ಕೂಡಲೇ ನಮಗೆ ಅಂಚೆ ಕಚೇರಿಯ ಪಾಸ್‌ಬುಕ್ಕು, ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಮಡಚಿಟ್ಟ ನೋಟು ನೆನಪಾಗುತ್ತವೆ. ಬಜೆಟ್ಟಿನ ಉಳಿತಾಯ ಅಂಥ ಗಂಟಲ್ಲ. ಅದು ಎರಡು ಹರಿವುಗಳ ನಡುವಿನ ವ್ಯತ್ಯಾಸ: ಒಂದು ವರ್ಷದಲ್ಲಿ ಬಂದದ್ದಕ್ಕೂ ಹೋದದ್ದಕ್ಕೂ ಇರುವ ಅಂತರ. ಕೆರೆಗೆ ಈ ವರ್ಷ ಬಂದ ನೀರು ಹೊರಹೋದ ನೀರಿಗಿಂತ ಹೆಚ್ಚು ಎಂದ ಮಾತ್ರಕ್ಕೆ ಕೆರೆ ತುಂಬಿದೆ ಎಂದಾಗುವುದಿಲ್ಲ. ತಳದಲ್ಲಿ ಬಿರುಕು ಬಿಟ್ಟ ಕೆರೆಗೂ ಒಂದು ಮಳೆಗಾಲದಲ್ಲಿ ನೀರು ‘ಉಳಿಯಬಹುದು’.

ಇದರ ತಮಾಷೆಯ ರೂಪ ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿದೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಜಿಲ್ಲಾ ಪುಟಗಳ ತುಂಬ ಪುರಸಭೆ, ನಗರಸಭೆಗಳ ‘ಉಳಿತಾಯ ಬಜೆಟ್’. ಅದೇ ಪುಟದ ಕೆಳಗೆ ಒಳಚರಂಡಿ ಉಕ್ಕಿದ ಚಿತ್ರ. ಬಜೆಟ್ ಪುಸ್ತಿಕೆಯ ಮೊದಲ ಹಾಳೆಯಲ್ಲಿ ‘ಆರಂಭಿಕ ಶಿಲ್ಕು’ ಎಂಬ ಸಾಲಿರುತ್ತದೆ, ಅಂದರೆ ಕಳೆದ ವರ್ಷ ಖರ್ಚಾಗದೆ ಕೈಯಲ್ಲಿ ಉಳಿದದ್ದು. ಅದನ್ನು ಈ ವರ್ಷದ ನಿರೀಕ್ಷಿತ ಜಮೆಗೆ ಸೇರಿಸಿ, ಅಂದಾಜು ಖರ್ಚನ್ನು ಕಳೆದರೆ ಉಳಿತಾಯ ಹುಟ್ಟುತ್ತದೆ. ಕಳೆದ ವರ್ಷ ಆಗದ ಕಾಮಗಾರಿಯೇ ಈ ವರ್ಷದ ಉಳಿತಾಯವಾಗಿ ಮರುಜನ್ಮ ಪಡೆಯುವುದೂ ಉಂಟು.

ಎರಡನೆಯ ತೊಡಕು, ಗೆರೆ ಎಲ್ಲಿ ಎಳೆಯುತ್ತೇವೆ ಎನ್ನುವುದು. 2023ರ ಫೆಬ್ರುವರಿ 17ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಂಡಿಸಿದ್ದು 402 ಕೋಟಿ ರೂಪಾಯಿ ಉಳಿತಾಯದ ಬಜೆಟ್. ಒಟ್ಟು ಗಾತ್ರ 3.09 ಲಕ್ಷ ಕೋಟಿ. ಅಂದರೆ ನೂರು ರೂಪಾಯಿಗೆ ಹದಿಮೂರು ಪೈಸೆ ಮಿಗುತ್ತದೆ ಎಂಬ ಅಂದಾಜು. ಆದರೆ ಅದೇ ದಾಖಲೆಯ ಇನ್ನೊಂದು ಕಡೆ 60 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ವಿತ್ತೀಯ ಕೊರತೆ ಇತ್ತು, ಅಷ್ಟನ್ನು ಸಾಲದಿಂದ ತುಂಬಬೇಕಿತ್ತು. ಉಳಿತಾಯವೂ ನಿಜ, ಕೊರತೆಯೂ ನಿಜ. ಮೊದಲನೆಯದು ‘ರಾಜಸ್ವ’ ಖಾತೆಯ ಮಾತು: ತೆರಿಗೆ, ಶುಲ್ಕ, ಕೇಂದ್ರದ ಪಾಲು ಒಂದು ಕಡೆ, ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇನ್ನೊಂದು ಕಡೆ. ಸೇತುವೆ, ನಾಲೆ, ಆಸ್ಪತ್ರೆ ಕಟ್ಟಡದಂಥ ಬಂಡವಾಳ ವೆಚ್ಚವನ್ನೂ ಕೂಡಿದಾಗ ಕಾಣುವುದು ಎರಡನೆಯದು. ಐದು ತಿಂಗಳೂ ಕಳೆಯದೆ, ಸರ್ಕಾರ ಬದಲಾಗಿ, ಜುಲೈ 7ರಂದು ಸಿದ್ದರಾಮಯ್ಯ ಅದೇ ಹಣಕಾಸು ವರ್ಷಕ್ಕೆ 12,522 ಕೋಟಿ ರೂಪಾಯಿಯ ರಾಜಸ್ವ ಕೊರತೆಯ ಬಜೆಟ್ ತಂದರು. ಮಿಗತೆಯಿಂದ ಕೊರತೆಗೆ ಬಿದ್ದೆವೆಂದು ಒಂದಷ್ಟು ದಿನ ಗದ್ದಲವಾಯಿತು. ನನಗೆ ಅನಿಸಿದ್ದು, ಗದ್ದಲವೆಲ್ಲ ಸೊನ್ನೆಯ ಆಚೆ-ಈಚೆ ನಿಂತು ನಡೆಯಿತು, ಏನಕ್ಕೆ ಖರ್ಚು ಎಂಬುದರ ಸುತ್ತ ನಡೆದದ್ದು ಕಡಿಮೆ.

ಆ ಸೊನ್ನೆಗೆ ಇಷ್ಟು ತೂಕ ಬರಲು ಕಾರಣವಿದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ಮಾಡಿಕೊಂಡ ರಾಜ್ಯ ಕರ್ನಾಟಕ. ಕೇಂದ್ರದ ಕಾಯ್ದೆ ಬಂದದ್ದು ಮರುವರ್ಷ. 2004-05ರಿಂದ ಕೋವಿಡ್ ಬರುವವರೆಗೆ ರಾಜ್ಯದ ರಾಜಸ್ವ ಖಾತೆ ಮಿಗತೆಯಲ್ಲೇ ಇತ್ತು. ಸಂಬಳ-ಬಡ್ಡಿಗೆ ಸಾಲ ಮಾಡದೆ, ಮಿಕ್ಕದ್ದನ್ನು ಕಟ್ಟುವ ಕೆಲಸಕ್ಕೆ ಹಾಕುವುದು ಒಳ್ಳೆಯ ಶಿಸ್ತು, ಅದರಲ್ಲಿ ಅನುಮಾನವಿಲ್ಲ. ಬೇಸಾಯಗಾರ ಬಾವಿ ತೋಡಿಸಲು ಸಾಲ ಮಾಡುವುದಕ್ಕೂ ಊಟದ ಅಕ್ಕಿಗೆ ಸಾಲ ಮಾಡುವುದಕ್ಕೂ ಇರುವ ವ್ಯತ್ಯಾಸ ಅದು.

ಹಾಗಾದರೆ ನಿಜವಾಗಿ ನಗದು ಮಿಕ್ಕಾಗ ಅದು ಎಲ್ಲಿರುತ್ತದೆ? ವಿಧಾನಸೌಧದ ನೆಲಮಾಳಿಗೆಯಲ್ಲಂತೂ ಅಲ್ಲ. ರಾಜ್ಯಗಳ ಖಾತೆ ಇರುವುದು ರಿಸರ್ವ್ ಬ್ಯಾಂಕಿನಲ್ಲಿ. ದಿನದ ಕೊನೆಗೆ ಮಿಗುವ ಹಣ ತಾನಾಗಿಯೇ ಕೇಂದ್ರ ಸರ್ಕಾರದ 14 ದಿನಗಳ ಮಧ್ಯಂತರ ಖಜಾನೆ ಹುಂಡಿಗಳಿಗೆ ಹೋಗುತ್ತದೆ. ಅಲ್ಲಿ ಸಿಗುವ ಬಡ್ಡಿ, ರಾಜ್ಯ ತನ್ನ ಸಾಲಪತ್ರಗಳ ಮೇಲೆ ತೆರುವ ಬಡ್ಡಿಗಿಂತ ಕಡಿಮೆ. ‘ಹೆಚ್ಚು ಬಡ್ಡಿಗೆ ತಂದು ಕಡಿಮೆ ಬಡ್ಡಿಗೆ ಇಟ್ಟ ಹಾಗೆ, ಸಾರ್,’ ಎಂದು ಅತಿಥಿಗಳು ನಕ್ಕರು. ಸಭೆಯಲ್ಲಿದ್ದ ಅಡಿಕೆ ಮಂಡಿಯವರು ತಲೆ ಅಲ್ಲಾಡಿಸಿದರು. ಅವರಿಗೆ ಆ ಲೆಕ್ಕವನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಇಷ್ಟರವರೆಗೆ ಭಾಷಣ ಸಲೀಸಾಗಿತ್ತು. ಆಮೇಲೆ ಅವರು ಎತ್ತಿಕೊಂಡದ್ದು ಪಕ್ಕದ ಕೋಣೆಯ ರಮ್ಮಿ ಟೇಬಲ್ಲನ್ನು. ಭಾನುವಾರ ಸಂಜೆ ಆಟ ಮುಗಿದ ಮೇಲೆ ಸಿಗರೇಟು ಪ್ಯಾಕಿನ ಬೆನ್ನಿಗೋ ಹಳೆಯ ಆಮಂತ್ರಣ ಪತ್ರಿಕೆಯ ಹಿಂದಕ್ಕೋ ಪ್ಲಸ್-ಮೈನಸ್ ಬರೆಯುತ್ತೇವಲ್ಲ, ಎಲ್ಲ ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಯಾರೋ ತಪ್ಪು ಬರೆದಿದ್ದಾರೆ. ಎಲ್ಲರೂ ಗೆದ್ದ ಆಟ ಇಲ್ಲ. ದೇಶದ ಹಣಕಾಸೂ ಲೆಕ್ಕದ ಮಟ್ಟಿಗೆ ಮೂವರು ಕೂತ ಟೇಬಲ್: ಒಬ್ಬ ಸರ್ಕಾರ, ಇನ್ನೊಬ್ಬ ಆ ದೇಶದ ಜನ ಮತ್ತು ಉದ್ಯಮ ಸೇರಿದ ಖಾಸಗಿ ವಲಯ, ಮೂರನೆಯವನು ಹೊರದೇಶ. ಒಂದು ವರ್ಷದಲ್ಲಿ ಒಬ್ಬನ ಖರ್ಚು ಇನ್ನೊಬ್ಬನ ಆದಾಯ. ಆದ್ದರಿಂದ ಮೂವರ ಮಿಗತೆ-ಕೊರತೆಗಳನ್ನು ಕೂಡಿದರೆ ಸೊನ್ನೆಯೇ. ಇದು ಯಾವ ಪಂಥದ ಸಿದ್ಧಾಂತವೂ ಅಲ್ಲ, ಬರೀ ಕೂಡುವ ಕಳೆಯುವ ಲೆಕ್ಕ. ಸರ್ಕಾರ ಜನರಿಂದ ತೆರಿಗೆಯಾಗಿ ಎತ್ತಿದ್ದು ಜನರಿಗೆ ಖರ್ಚಾಗಿ ಮರಳಿಸಿದ್ದಕ್ಕಿಂತ ಹೆಚ್ಚಾದರೆ, ಆ ವ್ಯತ್ಯಾಸ ಮಿಕ್ಕ ಇಬ್ಬರಲ್ಲಿ ಯಾರದ್ದೋ ಜೇಬಿನಿಂದ ಬಂದಿರಲೇಬೇಕು.

ಈ ಲೆಕ್ಕವನ್ನು ಹಟ ಹಿಡಿದು ಮಾಡಿದವರಲ್ಲಿ ಕೇಂಬ್ರಿಜ್‌ನ ವಿನ್ ಗಾಡ್ಲಿ ಮುಖ್ಯರು. ಅರ್ಥಶಾಸ್ತ್ರಕ್ಕೆ ಬರುವ ಮುಂಚೆ ಅವರು ವೃತ್ತಿಯಿಂದ ಓಬೋ ವಾದಕರಾಗಿದ್ದರು. ಇಂಗ್ಲೆಂಡಿನ ಕವೆಂಟ್ರಿ ಕೆಥೆಡ್ರಲ್ಲಿನ ಗೋಡೆಯ ಮೇಲಿರುವ ಸಂತ ಮೈಕೇಲನ ಕಂಚಿನ ಪ್ರತಿಮೆಗೆ ಮುಖ ಇವರದೇ. ಅದರ ಶಿಲ್ಪಿ ಜೇಕಬ್ ಎಪ್‌ಸ್ಟೈನ್, ಗಾಡ್ಲಿಯವರ ಮಾವ. ಮಾತು ಎಲ್ಲಿಗೋ ಹೋಯಿತು, ಇರಲಿ. 1999ರಲ್ಲಿ ಅಮೆರಿಕ ತನ್ನ ಬಜೆಟ್ ಮಿಗತೆಯ ಸಂಭ್ರಮದಲ್ಲಿದ್ದಾಗ, ಇದು ಬಹುಕಾಲ ಬಾಳುವುದಿಲ್ಲ ಎಂದು ಬರೆದವರು ಗಾಡ್ಲಿ.

ಸಂಭ್ರಮಕ್ಕೆ ಕಾರಣವಿತ್ತು. 1969ರ ಬಳಿಕ ಮೊದಲ ಬಾರಿಗೆ, 1998ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ 69 ಬಿಲಿಯನ್ ಡಾಲರ್ ಮಿಗತೆ ಕಂಡಿತು. 2000ದಲ್ಲಿ ಅದು 236 ಬಿಲಿಯನ್‌ಗೆ ಏರಿತು. ಶೀತಲ ಸಮರ ಮುಗಿದು ರಕ್ಷಣಾ ವೆಚ್ಚ ಇಳಿದಿತ್ತು, 1990 ಮತ್ತು 1993ರಲ್ಲಿ ತೆರಿಗೆ ಏರಿಸಿದ್ದರು, ಇಂಟರ್ನೆಟ್ ಕಂಪನಿಗಳ ಷೇರುಗಳು ಹುಚ್ಚೆದ್ದು ಏರಿ ಆ ಲಾಭದ ಮೇಲೆ ತೆರಿಗೆ ಸುರಿಯುತ್ತಿತ್ತು. ನ್ಯೂಯಾರ್ಕಿನಲ್ಲಿ ರಾಷ್ಟ್ರೀಯ ಸಾಲ ಕ್ಷಣಕ್ಷಣಕ್ಕೂ ಏರುವುದನ್ನು ತೋರಿಸುವ ದೊಡ್ಡ ವಿದ್ಯುತ್ ಫಲಕವೊಂದಿತ್ತು, ಕಟ್ಟಡ ಉದ್ಯಮಿ ಸೀಮೋರ್ ಡರ್ಸ್ಟ್ 1989ರಲ್ಲಿ ಹಾಕಿಸಿದ್ದು. ಸಾಲ ಇಳಿಯತೊಡಗಿದಾಗ ಪೇಚಿಗಿಟ್ಟುಕೊಂಡಿತು: ಹಿಮ್ಮುಖವಾಗಿ ಸರಿಯಾಗಿ ಓಡಲು ಅದನ್ನು ಮಾಡಿರಲೇ ಇಲ್ಲ. 2000ದ ಸೆಪ್ಟೆಂಬರ್‌ನಲ್ಲಿ ಫಲಕವನ್ನು ಆರಿಸಿ, ಮೇಲೆ ಪರದೆ ಹೊದಿಸಿದರು.

ಈಗ ರಮ್ಮಿ ಚೀಟಿ ನೋಡಿ. ಸರ್ಕಾರ ಪ್ಲಸ್. ಅಮೆರಿಕ ಮಾರಿದ್ದಕ್ಕಿಂತ ಕೊಂಡದ್ದೇ ಹೆಚ್ಚಾದ್ದರಿಂದ ಹೊರದೇಶವೂ ಪ್ಲಸ್. ಉಳಿದವನೊಬ್ಬನೇ, ಇಬ್ಬರ ಗೆಲುವಿಗೂ ಅವನೇ ತೆರಬೇಕು. ಮನೆಗಳು, ಕಂಪನಿಗಳು ಸೇರಿ ದುಡಿದದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದವು, ಸಾಲದಿಂದ. ಷೇರು ಬೆಲೆ ಏರುತ್ತಿದ್ದಷ್ಟು ದಿನ ಅದು ಸಾಲವೆಂದೇ ಅನಿಸಲಿಲ್ಲ. ಷೇರು ಕುಸಿದ ಮೇಲೆ ಜನ ಕೈ ಬಿಗಿಹಿಡಿದರು, ತೆರಿಗೆ ಬತ್ತಿತು, ಜೊತೆಗೆ ತೆರಿಗೆ ಕಡಿತವೂ ಬಂತು. 2001ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಮುಂದಿನ ಹತ್ತು ವರ್ಷಕ್ಕೆ 5.6 ಲಕ್ಷ ಕೋಟಿ ಡಾಲರ್ ಮಿಗತೆಯ ಅಂದಾಜು ಕೊಟ್ಟಿತ್ತು. 2002ರ ಲೆಕ್ಕ 158 ಬಿಲಿಯನ್ ಡಾಲರ್ ಕೊರತೆಯಲ್ಲಿ ಮುಗಿಯಿತು. ಫಲಕದ ಪರದೆ ಆ ಜುಲೈನಲ್ಲೇ ಸರಿದಿತ್ತು.

ಮಿಗತೆಯೇ ಕುಸಿತ ತಂದಿತು ಎಂದು ಇದರಿಂದ ಹೇಳಲಾಗದು. ಚೀಟಿ ಯಾರು ಸೋತರೆಂದು ಹೇಳುತ್ತದೆ, ಯಾಕೆ ಸೋತರೆಂದು ಹೇಳುವುದಿಲ್ಲ. ಉದ್ಯಮಗಳು ಹುರುಪಿನಿಂದ ಸಾಲ ಮಾಡಿ ಹೂಡಿದ್ದರಿಂದಲೂ ಸರ್ಕಾರದ ತೆರಿಗೆ ಉಕ್ಕಬಹುದು. ಸರ್ಕಾರ ಬಿಗಿ ಹಿಡಿದದ್ದರಿಂದಲೂ ಜನ ಸಾಲಕ್ಕೆ ಬೀಳಬಹುದು. ಎರಡೂ ಕಡೆ ಸಂಖ್ಯೆ ಒಂದೇ. ಈ ವ್ಯತ್ಯಾಸ ಮರೆತು, ಕೊರತೆಯೇ ವರ ಎಂದು ಸಾರುವವರೂ ಇದ್ದಾರೆ. ಬೆಲೆಯೇರಿಕೆ ಅವರಿಗೆ ಉತ್ತರ ಹೇಳುತ್ತದೆ.

ಅಮೆರಿಕದ್ದೇ ಹಳೆಯ ಕಥೆ ಇನ್ನೊಂದು. ಅಧ್ಯಕ್ಷ ಆಂಡ್ರೂ ಜಾಕ್ಸನ್ ಕಾಲಕ್ಕೆ, 1835ರ ಆರಂಭದಲ್ಲಿ, ರಾಷ್ಟ್ರೀಯ ಸಾಲ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಸರ್ಕಾರಿ ಜಮೀನಿನ ಮಾರಾಟದಿಂದ ಬಂದ ಹಣ ಏನು ಮಾಡುವುದೆಂದು ತೋಚದೆ, ರಾಜ್ಯಗಳಿಗೆ ನಾಲ್ಕು ಕಂತುಗಳಲ್ಲಿ ಹಂಚಲು ಹೊರಟರು. ಮೂರು ಕಂತು ಹೋಗುವಷ್ಟರಲ್ಲಿ 1837ರ ಬ್ಯಾಂಕ್ ದಿಗಿಲು ಎದ್ದು, ನಾಲ್ಕನೆಯದು ಹೋಗಲೇ ಇಲ್ಲ.

ಸಾಲವೇ ಇಲ್ಲದ ಸರ್ಕಾರದಿಂದ ಆಗುವ ತೊಂದರೆಯೇನು ಎಂದು ಕೇಳಿದವರು ಮುಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅತಿಥಿಗಳು ತಿರುಗಿಸಿ ಕೇಳಿದರು: ‘ನಿಮ್ಮ ಎಲ್‌ಐಸಿ ಪಾಲಿಸಿಯ ದುಡ್ಡು ಎಲ್ಲಿದೆ ಸಾರ್? ಪಿಎಫ್ ಎಲ್ಲಿತ್ತು?’ ಬಹುಪಾಲು ಸರ್ಕಾರಿ ಸಾಲಪತ್ರಗಳಲ್ಲಿ. ನಮ್ಮ ಬ್ಯಾಂಕುಗಳು ಠೇವಣಿಯ ಶೇ 18ರಷ್ಟನ್ನು ಮುಖ್ಯವಾಗಿ ಇಂಥ ಪತ್ರಗಳಲ್ಲೇ ಇಡಬೇಕು. ರಿಸರ್ವ್ ಬ್ಯಾಂಕ್ ರೆಪೊದಲ್ಲಿ ಹಣ ಕೊಡುವಾಗ ಅಡವಿಟ್ಟುಕೊಳ್ಳುವುದೂ ಇವನ್ನೇ. ಸರ್ಕಾರದ ಸಾಲ ಒಂದು ಕಡೆಯಿಂದ ಹೊರೆ, ಇನ್ನೊಂದು ಕಡೆಯಿಂದ ಯಾರದೋ ಮುಪ್ಪಿನ ಗಂಟು. 2001ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಆಲನ್ ಗ್ರೀನ್‌ಸ್ಪ್ಯಾನ್, ಸಾಲವೆಲ್ಲ ತೀರಿದ ಮೇಲೂ ಹಣ ಮಿಗುತ್ತಿದ್ದರೆ ಸರ್ಕಾರ ಖಾಸಗಿ ಆಸ್ತಿಗಳನ್ನು ಕೊಳ್ಳಬೇಕಾದೀತು ಎಂದು ಸೆನೆಟ್ ಸಮಿತಿಯ ಮುಂದೆ ಆತಂಕ ತೋಡಿಕೊಂಡಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ 30 ವರ್ಷದ ಸಾಲಪತ್ರ ನೀಡುವುದನ್ನು ನಿಲ್ಲಿಸಿತು. 2006ರಲ್ಲಿ ಅದನ್ನು ಮತ್ತೆ ಶುರು ಮಾಡಬೇಕಾಯಿತು.

ನಾರ್ವೆಯ ಮಾತೇ ಬೇರೆ. ಅಲ್ಲಿ ಮೂರನೆಯ ಆಟಗಾರ ಸೋಲುತ್ತಾನೆ: ತೈಲ, ಅನಿಲ ಕೊಳ್ಳುವ ಹೊರದೇಶ. ಹಾಗಾಗಿ ಸರ್ಕಾರವೂ ಜನವೂ ಒಟ್ಟಿಗೆ ಪ್ಲಸ್ಸಿನಲ್ಲಿರಬಹುದು. ತೈಲದ ಹಣಕ್ಕೆಂದು 1990ರ ಕಾಯ್ದೆಯಡಿ ಕಟ್ಟಿದ ನಿಧಿಗೆ ಮೊದಲ ಹಣ ಬಿದ್ದದ್ದು 1996ರಲ್ಲಿ, ಹೂಡಿಕೆ ಎಲ್ಲ ದೇಶದ ಹೊರಗೆ. ಭಾರತ ಬಹುತೇಕ ವರ್ಷ ಹೊರಗಿನವರ ಎದುರು ಸೋಲುವ ಆಟಗಾರ. ನಮ್ಮ ಕೇಂದ್ರ ಸರ್ಕಾರ ಹಟ ಹಿಡಿದು ಮಿಗತೆ ತೋರಿಸಿದರೆ ಅಷ್ಟೂ ಭಾರ ಮನೆಗಳ, ಅಂಗಡಿಗಳ ಮೇಲೆ ಬೀಳುತ್ತದೆ.

ಕರ್ನಾಟಕದಂಥ ರಾಜ್ಯಕ್ಕೆ ಮಾತ್ರ ಮನೆಯ ಹೋಲಿಕೆ ಹೆಚ್ಚು ಒಪ್ಪುತ್ತದೆ. ಅದು ನೋಟು ಅಚ್ಚು ಹಾಕುವಂತಿಲ್ಲ, ಸಾಲಕ್ಕೆ ಸಂವಿಧಾನದ 293ನೇ ವಿಧಿಯ ಕಟ್ಟು ಇದೆ. ಅದರ ಟೇಬಲ್ಲಿನಲ್ಲಿ ಕೇಂದ್ರವೂ ಇದೆ, ಬೇರೆ ರಾಜ್ಯಗಳೂ ಇವೆ, ಬೆಂಗಳೂರಿನ ಸಾಫ್ಟ್‌ವೇರ್ ಕೊಳ್ಳುವ ಹೊರದೇಶವೂ ಇದೆ. ರಾಜ್ಯಕ್ಕೆ ಮಿಕ್ಕದ್ದು ನೇರವಾಗಿ ಕನ್ನಡಿಗರ ಜೇಬಿನಿಂದಲೇ ಹೋಯಿತು ಎನ್ನಲಾಗದು.

ಒಂಬತ್ತೂವರೆ ದಾಟಿತ್ತು. ಕೊನೆಗೆ ಅತಿಥಿಗಳು ಹೇಳಿದ್ದು ಮಾರ್ಚ್ 31ರ ರಾತ್ರಿಯ ಕಥೆ. ಖಜಾನೆ ಮುಂದೆ ಬಿಲ್ಲು ಹಿಡಿದ ಗುಮಾಸ್ತರು, ಚಹಾ ಫ್ಲಾಸ್ಕು, ಮಧ್ಯರಾತ್ರಿ ಹತ್ತಿರವಾದಂತೆ ಏರುವ ದನಿಗಳು. ನಮ್ಮ ಸರ್ಕಾರದ ಲೆಕ್ಕ ನಗದಿನ ಲೆಕ್ಕ: ದುಡ್ಡು ಕೈ ಬಿಟ್ಟಾಗ ಮಾತ್ರ ಖರ್ಚು. ಹನ್ನೆರಡಕ್ಕೆ ಮುಂಚೆ ಪಾಸಾದ ಬಿಲ್ಲು ಈ ವರ್ಷದ್ದು, ಆಮೇಲಿನದು ಮುಂದಿನ ವರ್ಷದ್ದು. ರಸ್ತೆ ಡಾಂಬರು ಕಂಡು ಆರು ತಿಂಗಳಾಗಿದ್ದರೂ ಗುತ್ತಿಗೆದಾರನ ಬಿಲ್ಲು ಮೇಜಿನ ಮೇಲೇ ಇದ್ದರೆ, ಲೆಕ್ಕದ ಪ್ರಕಾರ ಆ ರಸ್ತೆಗೆ ಪೈಸೆಯೂ ಖರ್ಚಾಗಿಲ್ಲ. ‘ಉಳಿತಾಯ ಬೇಕೆಂದರೆ ಎಷ್ಟೋ ಸಲ ಬಾಗಿಲು ಸ್ವಲ್ಪ ಬೇಗ ಮುಚ್ಚಿದರೆ ಸಾಕು.’

ವಂದನಾರ್ಪಣೆ ಆಯಿತು. ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತೆವು. ನನ್ನ ಮುಂದೆ ಖಜಾಂಚಿ, ಅವರ ಹಿಂದೆಯೇ ಕಾರ್ಯದರ್ಶಿ. ಬಾತಿಗೆ ಬೂಂದಿ ಉದುರಿಸಿಕೊಳ್ಳುತ್ತ ಕಾರ್ಯದರ್ಶಿ ಮೆಲ್ಲಗೆ ಕೇಳಿದರು: ‘ಅಲ್ಲ ರಾಯರೇ, ಕಣ್ಣಿನ ಶಿಬಿರದ ಕನ್ನಡಕದ ಬಿಲ್ಲು ಕೊಟ್ಟಾಯ್ತಾ?’

‘ಇನ್ನೂ ಬಂದಿಲ್ಲ,’ ಎಂದರು ಖಜಾಂಚಿ. ಸ್ವಲ್ಪ ತಡೆದು, ‘ಜುಲೈ ಒಂದಕ್ಕೆ ಹೊಸ ಖಜಾಂಚಿ ಬರ್ತಾರಲ್ಲ,’ ಎಂದು ಮೊಸರನ್ನದ ಕಡೆ ನಡೆದರು.